ದೂರದಲ್ಲಿರುವ ಪ್ರೀತಿಗೆ ಏನು ಕಳಿಸಬೇಕು?

ತಾವು ಹುಬ್ಬಳ್ಳಿ-ಧಾರವಾಡದಲ್ಲಿ, ಮನಸ್ಸು ಬೆಂಗಳೂರಲ್ಲೋ ಪುಣೆಯಲ್ಲೋ ದುಬೈಯಲ್ಲೋ. ಅಂಥವರಿಗೆ ಈ ಸಲಹೆ.

ದಿನಾ ‘ಮಿಸ್ ಯೂ’ ಅಂತ ಕಳಿಸಿದರೆ ಕೆಲವೇ ದಿನಕ್ಕೆ ಅದು ಸಪ್ಪೆ ಆಗುತ್ತದೆ. ಆ ದಿನದ್ದೇ ಒಂದು ಸಣ್ಣ ಸಂಗತಿ ಹೇಳಿ. “ಉಣಕಲ್ ಕೆರೆ ದಂಡಿ ಮ್ಯಾಲೆ ಕುಂತೀನಿ, ಗಾಳಿ ಭಾಳ ಐತಿ. ನೀ ಇರಬೇಕಿತ್ತು.” ಇಷ್ಟು ಸಾಕು. ವಾಯ್ಸ್ ಮೆಸೇಜ್ ಆದರೆ ಇನ್ನೂ ಚಲೋ. ಊರು ಬಿಟ್ಟವರಿಗೆ ನಮ್ಮ ಕಡೆ ಮಾತು ಕಿವಿಗೆ ಬಿದ್ದರೇ ಅರ್ಧ ಜೀವ ಬರುತ್ತದೆ, ಅಲ್ವಾ?

ಆಗಾಗ ಕೈಯಿಂದ ಪತ್ರ ಬರೆಯಿರಿ. ಇದನ್ನು ಒತ್ತಿ ಹೇಳುತ್ತೇನೆ. ಒಂದೇ ಪುಟ ಇರಲಿ. ಅವರು ಹೋದ ವಾರ ಹೇಳಿದ ಯಾವುದೋ ಮಾತನ್ನು ನೆನಪಿಟ್ಟು ಅದಕ್ಕೆ ಉತ್ತರ ಬರೆಯಿರಿ. ತಮ್ಮ ಮಾತನ್ನು ಯಾರೋ ಮನಸ್ಸಿಟ್ಟು ಕೇಳಿದ್ದಾರೆ ಅನ್ನುವುದಕ್ಕಿಂತ ದೊಡ್ಡ ಖುಷಿ ಇಲ್ಲ. ದೇಶದೊಳಗಿನ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿದೆ. ಪಿಜಿ, ಹಾಸ್ಟೆಲ್‌ನಲ್ಲಿ ಪತ್ರ ಬೇರೆಯವರ ಕೈಗೆ ಹೋಗಬಾರದು ಅಂದರೆ, ಸ್ಪೀಡ್ ಪೋಸ್ಟ್ ಮಾಡುವಾಗ ರಿಜಿಸ್ಟ್ರೇಶನ್ ಸೇರಿಸಿ ಅಂತ ಕೌಂಟರ್‌ನಲ್ಲಿ ಕೇಳಿ.

ಜೊತೆಗೆ ಧಾರವಾಡ ಪೇಢೆ ಕಳಿಸುವವರು ಅವತ್ತಿನದೇ ತಾಜಾ ಕೊಂಡು, ಗಟ್ಟಿ ಡಬ್ಬಿಯಲ್ಲಿ ಹಾಕಿ. ಶನಿವಾರ ಸಂಜೆ ಕಳಿಸಬೇಡಿ, ಸುಮ್ನೆ ರವಿವಾರ ದಾರಿಯಲ್ಲೇ ಉಳಿದೀತು.

ದುಬೈ ನಮಗಿಂತ ಒಂದೂವರೆ ತಾಸು ಹಿಂದೆ. ನಮ್ಮ ರಾತ್ರಿ 10 ಅಂದರೆ ಅಲ್ಲಿ 8.30. ಕೆಲಸ ಮುಗಿಸಿ ಊಟಕ್ಕೆ ಕೂತಿರುತ್ತಾರೆ. ಉತ್ತರ ತಡವಾದರೆ ಮುನಿಸಿಕೊಳ್ಳಬೇಡಿ, “ಊಟ ಆತೇನು?” ಅಂತ ಮೊದಲು ಕೇಳಿ.