ಟ್ಯಾಂಕ್ ತುಂಬಿದಾಗ ಮೋಟರ್ ತಾನಾಗಿ ನಿಲ್ಲಲು: ನನ್ನ ಅನುಭವ

ಬೆಂಗಳೂರಿನಲ್ಲಿ ಸ್ವಂತ ಮನೆ ಇದ್ದವರಿಗೆ ಸಂಪು, ಮೋಟರ್, ತಾರಸಿಯ ಟ್ಯಾಂಕ್ ಈ ಮೂರರ ಚಿಂತೆ ತಪ್ಪಿದ್ದಲ್ಲ. ಕಾವೇರಿ ನೀರು ಬಿಟ್ಟ ದಿನ ಸಂಪು ತುಂಬುತ್ತದೆ. ಅದನ್ನು ಮೇಲಕ್ಕೇರಿಸಬೇಕು, ಟ್ಯಾಂಕ್ ತುಂಬಿ ಹರಿಯುವ ಮುನ್ನ ಸ್ವಿಚ್ ಆರಿಸಬೇಕು. ಈ ಕೆಲಸವನ್ನು ನಾನು ಆರ್ಡುಯಿನೋ ನ್ಯಾನೋ ಎಂಬ, ಪ್ರೋಗ್ರಾಂ ಬರೆದು ಓಡಿಸಬಹುದಾದ ಪುಟ್ಟ ಬೋರ್ಡಿಗೆ ಒಪ್ಪಿಸಿದ್ದೇನೆ. ಅದರ ಎಟಿಮೆಗಾ 328ಪಿ ಚಿಪ್‌ನಲ್ಲಿರುವುದು 32 ಕಿಲೋಬೈಟ್ ಫ್ಲಾಷ್, 2 ಕಿಲೋಬೈಟ್ ರ್‍ಯಾಮ್. ಇಷ್ಟು ಕೆಲಸಕ್ಕೆ ಅದು ಧಾರಾಳವಾಯಿತು. ಪ್ರೋಗ್ರಾಂ ಬರೆಯುವುದು ಸುಲಭದ ಭಾಗ. ತಲೆ ಓಡಿಸಬೇಕಾಗಿದ್ದು ಬೋರ್ಡಿನ ಹೊರಗೆ: ಒಂದು ಕಡೆ ನೀರು, ಇನ್ನೊಂದು ಕಡೆ 230 ವೋಲ್ಟ್.

ನೀರಿನ ಮಟ್ಟ ಅಳೆಯಲು ಎಲ್ಲರೂ ಮೊದಲು ಹೇಳುವುದು ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್ ಸೆನ್ಸರ್, ಅಂದರೆ ಶಬ್ದದ ಪ್ರತಿಧ್ವನಿಯಿಂದ ದೂರ ಅಳೆಯುವ ಸಾಧನ. ಮೇಜಿನ ಮೇಲೆ ಚೆನ್ನಾಗಿಯೇ ಅಳೆಯುತ್ತದೆ. ಆದರೆ ಮುಚ್ಚಿದ ಟ್ಯಾಂಕಿನೊಳಗೆ ಹಬೆ ಕಟ್ಟಿ ಅದರ ತೆರೆದ ಕಣ್ಣುಗಳ ಮೇಲೆ ಹನಿ ಕೂರುತ್ತದೆ. ಜಲನಿರೋಧಕ ಮಾದರಿಗೆ ಆ ತೊಂದರೆ ಇಲ್ಲ. ಆದರೆ ಅದಕ್ಕೆ ಸುಮಾರು 20 ಸೆಂಟಿಮೀಟರಿಗಿಂತ ಹತ್ತಿರದ್ದು ಕಾಣುವುದಿಲ್ಲ, ನಮ್ಮ ಟ್ಯಾಂಕ್ ತುಂಬಿದಾಗ ನೀರು ಮುಚ್ಚಳದ ತೀರಾ ಹತ್ತಿರ ಬರುತ್ತದೆ. ಹಾಗಾಗಿ ಹಳೆಯ ವಿಧಾನವನ್ನೇ ಆರಿಸಿಕೊಂಡೆ: ಮೂರು ಸ್ಟೀಲ್ ಕಡ್ಡಿಗಳು. ನೀರು ಮುಟ್ಟಿದ ಕಡ್ಡಿಗಳ ನಡುವೆ ಕರೆಂಟ್ ಹರಿಯುತ್ತದೆ, ಅದರಿಂದಲೇ ಮಟ್ಟ ತಿಳಿಯುತ್ತದೆ. ತಳಮುಟ್ಟುವ ಉದ್ದದ್ದು ಎಲ್ಲಕ್ಕೂ ಸಾಮಾನ್ಯ, ನಡುವಿನದು ‘ನೀರು ಕಡಿಮೆ’ ಎನ್ನಲು, ಗಿಡ್ಡದ್ದು ‘ತುಂಬಿತು’ ಎನ್ನಲು.

ಕಡ್ಡಿಗಳಿಗೆ ಒಂದೇ ದಿಕ್ಕಿನ ಡಿಸಿ ವಿದ್ಯುತ್ತನ್ನು ಸದಾ ಕೊಟ್ಟಿದ್ದರೆ ವಿದ್ಯುದ್ವಿಭಜನೆ ನಡೆದೇ ನಡೆಯುತ್ತದೆ. ಪಾಸಿಟಿವ್ ಕಡೆಯ ಲೋಹ ಸವೆಯುತ್ತದೆ, ತಾಮ್ರವಾದರೆ ಬೇಗನೆ ಹಸಿರುಗಟ್ಟುತ್ತದೆ. ನಾವು ಬಳಸುವ ನೀರಿನಲ್ಲಿ ಲೋಹ ಕರಗುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಉಪಾಯ ಸರಳವಾಗಿದೆ. ಉದ್ದನೆಯ ಕಡ್ಡಿಯನ್ನು ಬೋರ್ಡಿನ ಒಂದು ಪಿನ್‌ಗೂ, ಅಳೆಯುವ ಕಡ್ಡಿಯನ್ನು 10 ಕಿಲೋಓಮ್ ರೆಸಿಸ್ಟರ್ ಮೂಲಕ ಇನ್ನೊಂದು ಪಿನ್‌ಗೂ ಜೋಡಿಸಿದೆ. ರೆಸಿಸ್ಟರಿನ ತುದಿಯನ್ನು ಗ್ರೌಂಡಿಗೆ ಕಟ್ಟಲಿಲ್ಲ. ಮೊದಲ ಪಿನ್ 5 ವೋಲ್ಟ್, ಎರಡನೆಯದು ಸೊನ್ನೆ ಇರುವಾಗ ಕಡ್ಡಿಯೂ ರೆಸಿಸ್ಟರೂ ಕೂಡುವ ಜಾಗದ ವೋಲ್ಟೇಜನ್ನು ಕೆಲವು ಮಿಲಿಸೆಕೆಂಡಿನಲ್ಲಿ ಅಳೆದು, ಕೂಡಲೇ ಎರಡನ್ನೂ ಅದಲುಬದಲು ಮಾಡಿ ಅಷ್ಟೇ ಹೊತ್ತು ಬಿಡುತ್ತೇನೆ. ಆ ಕಡೆ ಹರಿದಷ್ಟು ಕರೆಂಟ್ ಈ ಕಡೆಗೂ ಹರಿಯುತ್ತದೆ. ಉಳಿದ ಹೊತ್ತೆಲ್ಲ ಎರಡೂ ಪಿನ್ ಸೊನ್ನೆಯಲ್ಲಿರುತ್ತವೆ.

ನನಗೆ ಬಹಳ ಮುಖ್ಯವೆನಿಸುವ ಮಾತು ಇನ್ನೊಂದಿದೆ. ತಾರಸಿಯಿಂದ ಇಳಿಯುವ ತಂತಿಯನ್ನು ಇಲಿ ಕಡಿದರೆ ಏನಾಗುತ್ತದೆ? ಬೋರ್ಡಿಗೆ ‘ನೀರಿಲ್ಲ’ ಎಂದು ತೋರುತ್ತದೆ, ಮೋಟರ್ ಓಡುತ್ತಲೇ ಇರುತ್ತದೆ, ಸಂಪು ಬರಿದಾಗುವವರೆಗೆ ನೀರು ರಸ್ತೆಗೆ ಹರಿಯುತ್ತದೆ. ಅದಕ್ಕಾಗಿ ತಾರಸಿಯ ತುದಿಯಲ್ಲೇ ಉದ್ದನೆಯ ಕಡ್ಡಿಗೂ ಉಳಿದೆರಡು ಕಡ್ಡಿಗಳಿಗೂ ನಡುವೆ ತಲಾ 100 ಕಿಲೋಓಮ್ ರೆಸಿಸ್ಟರ್ ಹಾಕಿ ಎಪಾಕ್ಸಿಯಿಂದ ಮುಚ್ಚಿದೆ. ಈಗ ಕಡ್ಡಿ ಒಣಗಿದ್ದರೂ, ಸೊನ್ನೆ ವೋಲ್ಟನ್ನು 0, 5 ವೋಲ್ಟನ್ನು 1023 ಎಂದು ಓದುವ ಬೋರ್ಡಿನ ಅಳತೆಯಲ್ಲಿ 93ರ ಆಸುಪಾಸು ಬರುತ್ತದೆ. ನೀರು ಮುಟ್ಟಿದರೆ ನೂರಾರು. ಸೊನ್ನೆಯ ಹತ್ತಿರ ಬಂತೆಂದರೆ ತಂತಿ ತುಂಡಾಗಿದೆ ಎಂದೇ ಅರ್ಥ. ಮೋಟರ್ ನಿಂತು ಬಜರ್ ಕೂಗುತ್ತದೆ. ಕೆಲವೇ ರೂಪಾಯಿಯ ರೆಸಿಸ್ಟರುಗಳು ಕೊಟ್ಟ ಈ ನೆಮ್ಮದಿಯನ್ನು ಇಡೀ ಸರ್ಕ್ಯೂಟಿನಲ್ಲಿ ಬೇರೇನೂ ಕೊಟ್ಟಿಲ್ಲ.

ನೀರು ಮುಟ್ಟಿದಾಗಿನ ಸಂಖ್ಯೆಯನ್ನು ಅವರವರ ಮನೆಯ ನೀರಿನಲ್ಲೇ ಅಳೆದು ನೋಡಬೇಕು. ಲವಣ ಹೆಚ್ಚಿರುವ ಬೋರ್‌ವೆಲ್ ನೀರಿನಲ್ಲಿ ಅದು ಮೇಲೇರುತ್ತದೆ, ಕಾವೇರಿ ನೀರಿನಲ್ಲಿ ಕೆಳಗಿರುತ್ತದೆ. ಎರಡೂ ಬೆರೆಯುವ ಮನೆಗಳಲ್ಲಿ ಚಿಕ್ಕದನ್ನೇ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು. ಕೊಳವೆಯಿಂದ ಬೀಳುವ ನೀರು ಕುಲುಕಾಡುವುದರಿಂದ ಒಂದು ಓದನ್ನು ನಂಬಲಾಗದು. 5 ಸೆಕೆಂಡ್ ಬಿಡದೆ ಒಂದೇ ಉತ್ತರ ಬಂದರೆ ಮಾತ್ರ ಪ್ರೋಗ್ರಾಂ ಒಪ್ಪುತ್ತದೆ.

ಮೋಟರಿನ ಕಡೆಗೆ ಬಂದರೆ, ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುವ ನೀಲಿ ರಿಲೇ (ಬೋರ್ಡಿನ ಸಣ್ಣ ಕರೆಂಟಿನಿಂದ ಆಡುವ ಸ್ವಿಚ್) ಮೇಲೆ 10 ಆಂಪಿಯರ್ ಎಂದು ಬರೆದಿರುತ್ತದೆ. ಒಂದು ಎಚ್‌ಪಿ ಮೋಟರ್ ಎಂದರೆ 746 ವ್ಯಾಟ್, ಸಾಕಲ್ಲವೇ ಎನಿಸುತ್ತದೆ. ಸಾಲದು. ಶುರುವಾಗುವ ಕ್ಷಣದಲ್ಲಿ ಮೋಟರ್ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ರಿಲೇಯ ಒಳಗಿನ ಸಂಪರ್ಕಗಳು ಬೆಸೆದುಕೊಂಡುಬಿಡಬಹುದು. ಆಮೇಲೆ ಪ್ರೋಗ್ರಾಂ ಎಷ್ಟು ‘ನಿಲ್ಲು’ ಎಂದರೂ ಮೋಟರ್ ನಿಲ್ಲುವುದಿಲ್ಲ. ನನ್ನ ರಿಲೇ ಎಳೆಯುವುದು ಒಂದು ಕಾಂಟ್ಯಾಕ್ಟರಿನ, ಅಂದರೆ ಮೋಟರಿನಂಥ ಭಾರಕ್ಕೆಂದೇ ಮಾಡಿದ ದೊಡ್ಡ ರಿಲೇಯ, ಕಾಯಿಲನ್ನು ಮಾತ್ರ. ಮೋಟರಿನ ಭಾರ ಕಾಂಟ್ಯಾಕ್ಟರಿಗೆ. ಆ ಕಾಯಿಲ್ ಆರುವಾಗ ಏಳುವ ಕಿಡಿ ಬೋರ್ಡನ್ನು ರೀಸೆಟ್ ಮಾಡದಂತೆ 100 ಓಮ್, 0.1 ಮೈಕ್ರೋಫ್ಯಾರಡ್‌ನ ಸ್ನಬ್ಬರ್ (ಕಿಡಿಯನ್ನು ತಗ್ಗಿಸುವ ರೆಸಿಸ್ಟರ್-ಕೆಪಾಸಿಟರ್ ಜೋಡಿ) ಇದೆ. ಈ ಭಾಗದ ವೈರಿಂಗನ್ನು ಪರಿಚಯದ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿದೆ, ಕರೆಂಟ್ ಸೋರಿದರೆ ಕೂಡಲೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿಯ ಹಿಂದೆ. ಇದರಲ್ಲಿ ಹಣ ಉಳಿಸಲು ಹೋಗಬಾರದು.

ಪ್ರೋಗ್ರಾಂನಲ್ಲಿ ಮೂರು ಕಾವಲು ಇವೆ. ಸಂಪಿನ ಫ್ಲೋಟ್ ಸ್ವಿಚ್ ಕೆಳಗಿಳಿದರೆ ಮೋಟರ್ ಓಡಕೂಡದು. ಟ್ಯಾಂಕ್ ತುಂಬಲು ಹಿಡಿಯುವ ಹೊತ್ತಿಗಿಂತ ಹೆಚ್ಚು ಓಡಿದರೂ ನಿಲ್ಲಬೇಕು. ಚಿಪ್ ಎಲ್ಲಾದರೂ ಸಿಕ್ಕಿಕೊಂಡರೆ 8 ಸೆಕೆಂಡಿನಲ್ಲಿ ಚಿಪ್‌ನೊಳಗಿನ ಕಾವಲು ಗಡಿಯಾರ ವಾಚ್‌ಡಾಗ್ ಅದನ್ನು ಮರಳಿ ಎಬ್ಬಿಸುತ್ತದೆ, ಎದ್ದೊಡನೆ ಮೊದಲ ಸಾಲೇ ರಿಲೇ ಆರಿಸುವುದು. ಹೊತ್ತು ಅಳೆಯಲು ಬೋರ್ಡ್ ಇಡುವ ಮಿಲಿಸೆಕೆಂಡ್ ಎಣಿಕೆ ಸುಮಾರು 49.7 ದಿನಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ. ಈಗಿನ ಎಣಿಕೆಯಿಂದ ಶುರುವಿನದನ್ನು ಕಳೆದು ಹೋಲಿಸಿದರೆ ಅದರಿಂದ ತೊಂದರೆಯಿಲ್ಲ.

ವೈಫೈ ಸೇರಿಸಿಲ್ಲ. ಇಂಟರ್ನೆಟ್ ಇಲ್ಲದ ಹೊತ್ತಿನಲ್ಲೂ ನೀರು ಬೇಕಲ್ಲ. ನಿಗಾ ಇಡಬೇಕಾದದ್ದು ಕಡ್ಡಿಗಳ ಮೇಲೆ: ಬೋರ್‌ವೆಲ್ ನೀರು ಬಿಳಿ ಸುಣ್ಣದ ಪದರ ಕಟ್ಟಿಸುತ್ತದೆ, ನೀರಿನಲ್ಲಿದ್ದಾಗಿನ ಸಂಖ್ಯೆ ನಿಧಾನವಾಗಿ ಇಳಿಯುತ್ತದೆ. ಇಳಿಯಿತೆಂದು ಕಂಡಾಗ ಕಡ್ಡಿಗಳನ್ನು ಬಿಚ್ಚಿ ನಿಂಬೆರಸದಲ್ಲಿ ಉಜ್ಜಿ ತೊಳೆದು ಮತ್ತೆ ಇಳಿಬಿಡುತ್ತೇನೆ.