ಅಜ್ಜಿಯ ಟ್ರಂಕಿನಲ್ಲಿ ರಾಜನ ತಲೆಯ ನೋಟು ಸಿಕ್ಕಿತಾ? ಹೀಗೆ ನೋಡಿ

ಮೊದಲು ಸುಮ್ನೆ ಬಿಡಿ. ಒರೆಸುವುದು, ಇಸ್ತ್ರಿ ಹಾಕುವುದು, ಲ್ಯಾಮಿನೇಷನ್ ಮಾಡಿಸುವುದು ಯಾವುದೂ ಬೇಡ. ನಾನೊಮ್ಮೆ ಹರಿದ ಹತ್ತು ರೂಪಾಯಿ ನೋಟಿಗೆ ಸೆಲೋಟೇಪ್ ಅಂಟಿಸಿದ್ದೆ. ಈಗ ರಾಜನ ಗಲ್ಲದ ಮೇಲೆ ಹಳದಿ ಪಟ್ಟಿ!

ಆಮೇಲೆ ಕಾಲ ಪತ್ತೆ ಮಾಡಬೇಕು. ಎಲ್ಲರೂ ಎಡವುವುದು ಇಲ್ಲೇ, ಯಾಕೆಂದರೆ 1938ರಿಂದ ರಿಸರ್ವ್ ಬ್ಯಾಂಕ್ ಹೊರತಂದ, ಬ್ರಿಟಿಷ್ ರಾಜ ಆರನೇ ಜಾರ್ಜ್ ಮುಖವಿರುವ ನೋಟುಗಳ ಮೇಲೆ ವರ್ಷವೇ ಅಚ್ಚಾಗಿಲ್ಲ. ಸಹಿ ನೋಡಿ. ಜೆ. ಬಿ. ಟೇಲರ್ ಅಂತಿದ್ದರೆ 1943ರವರೆಗಿನ ಗವರ್ನರ್ ಅವರು. ಸಿ. ಡಿ. ದೇಶಮುಖ್ ಅಂತಿದ್ದರೆ ಅದರಿಂದ ಈಚಿನದು. ಬ್ಯಾಂಕಿನ ಮೊದಲ ಭಾರತೀಯ ಗವರ್ನರ್ ಇವರೇ.

ಈಗ ಮುಖಕ್ಕೆ ಬನ್ನಿ. ರಾಜ ಪಕ್ಕಕ್ಕೆ ತಿರುಗಿ ಒಂದೇ ಕಣ್ಣು ಕಾಣುತ್ತಿದ್ದರೆ ಅದು ಮೊದಲ ಮಾದರಿ. ನೇರವಾಗಿ ನಿಮ್ಮನ್ನೇ ನೋಡುತ್ತಿದ್ದರೆ ನಂತರದ್ದು. ಎರಡನೇ ಮಹಾಯುದ್ಧದಲ್ಲಿ ಜಪಾನಿನವರು ಎಷ್ಟು ಚೆನ್ನಾಗಿ ಖೋಟಾ ನೋಟು ಮಾಡಿದರೆಂದರೆ, ಕೊನೆಗೆ ರಾಜನ ಮುಖವನ್ನೇ ತಿರುಗಿಸಬೇಕಾಯಿತು. ವಾಟರ್‌ಮಾರ್ಕ್‌ನಲ್ಲೂ ಮುಖ ತಿರುಗಿತು, ಕಾಗದದೊಳಗೆ ಭದ್ರತಾ ದಾರವೂ ಬಂತು. ಕಿಟಕಿ ಬೆಳಕಿಗೆ ಹಿಡಿದರೆ ಎರಡೂ ಕಾಣುತ್ತವೆ. ಆದರೆ ಮೊದಮೊದಲ ನೋಟುಗಳಲ್ಲಿ ದಾರ ಇರಲೇ ಇಲ್ಲ, ಅದಿಲ್ಲ ಅಂತ ಖೋಟಾ ಅಂದುಬಿಡಬೇಡಿ.

ಒಂದು ರೂಪಾಯಿ ನೋಟಿನಲ್ಲಿ ಗವರ್ನರ್ ಸಹಿ ಹುಡುಕಬೇಡಿ, ಸಿಗುವುದಿಲ್ಲ. ಅದು ಸರ್ಕಾರದ ನೋಟು. ಮೊದಲ ಮಹಾಯುದ್ಧದಲ್ಲಿ ಬೆಳ್ಳಿಗೆ ಬರ ಬಂದು 1917ರಲ್ಲಿ ಹೊರಟ ಒಂದು ರೂಪಾಯಿ ನೋಟಿನ ಮೇಲೆ ಐದನೇ ಜಾರ್ಜ್ ಇರುವ ಬೆಳ್ಳಿ ನಾಣ್ಯದ್ದೇ ಚಿತ್ರ. ಬೆಳ್ಳಿ ಕೊಡಲಾಗದೆ ಬೆಳ್ಳಿಯ ಚಿತ್ರ ಕೊಟ್ಟರು ಅನ್ನಿ. ಅದರ ಹಿಂದೆಯೇ ಎರಡೂವರೆ ರೂಪಾಯಿ ನೋಟೂ ಬಂತು. ಅದು ಸಿಕ್ಕಿದ್ದರೆ ನಿಮ್ಮ ಅದೃಷ್ಟ ಜೋರಾಗಿದೆ.

ಹಿಂಬದಿ ಪೂರ್ತಿ ಖಾಲಿ ಇದೆಯಾ? ಹಾಗಿದ್ದರೆ ಅದು ಆರನೇ ಜಾರ್ಜ್ ನೋಟುಗಳಿಗಿಂತ ಹಳೆಯದು. ಅಂಥ ನೋಟು ಮಧ್ಯದಲ್ಲಿ ಕತ್ತರಿಸಿ ಜೋಡಿಸಿದಂತೆ ಕಂಡರೆ ಬೇಜಾರಾಗಬೇಡಿ. ಆಗ ಅಂಚೆಯಲ್ಲಿ ಕಳ್ಳತನದ ಭಯಕ್ಕೆ ಅರ್ಧ ನೋಟು ಮೊದಲು ಕಳಿಸಿ, ತಲುಪಿತು ಅಂತ ಗೊತ್ತಾದ ಮೇಲೆ ಇನ್ನರ್ಧ ಕಳಿಸುತ್ತಿದ್ದರು. ಸಣ್ಣ ತೂತುಗಳಿದ್ದರೂ ಅಷ್ಟೇ, ನೋಟಿನ ಕಂತೆಗೆ ಪಿನ್ನು ಹೊಡೆದ ಗುರುತು ಅದು.

ರಾಜನ ನೋಟಿನ ಹಿಂದೆ ಭಾಷೆಗಳ ಸಾಲಿರುತ್ತದೆ. ಭೂತಗನ್ನಡಿ ಹಿಡಿದು ಅದರಲ್ಲಿ ಕನ್ನಡದ 'ರೂಪಾಯಿ' ಹುಡುಕಿ. ಅಕ್ಷರ ಚಿಕ್ಕದು, ಆದರೂ ಇದೆ.