ಒಂದೇ ರಾತ್ರಿ, ಎರಡು ಕ್ಯಾಸೆಟ್: ಭಾಗವತರ ಪದಗಳನ್ನು ಉಳಿಸಿಕೊಂಡ ನನ್ನ ಅನುಭವ

ನಮ್ಮೂರಿನ ತೆಂಕುತಿಟ್ಟು ಯಕ್ಷಗಾನದ ಹಾಡುಗಾರರು, ಅಂದರೆ ಭಾಗವತರು, ತೀರಿಕೊಂಡು ಹನ್ನೆರಡು ವರ್ಷಗಳಾದವು. ಅವರು ಸ್ಟುಡಿಯೊದಲ್ಲಿ ಹಾಡಿದ್ದು ನನಗೆ ತಿಳಿದಂತೆ ಒಂದೇ ಸಲ, ಅದೂ ಒಂದು ಗಂಟೆಯ ಮಿತಿಯೊಳಗೆ. ಎದುರಿಗೆ ಕುಣಿಯುವ ವೇಷಧಾರಿಗಳಿಲ್ಲದೆ, ಗಡಿಯಾರ ನೋಡಿಕೊಂಡು ಹಾಡಿದ ಆ ಪದಗಳನ್ನಷ್ಟೇ ಕೇಳಿದವರಿಗೆ ಅವರು ರಂಗಸ್ಥಳದಲ್ಲಿ ಏನಾಗಿದ್ದರೆಂದು ಗೊತ್ತಾಗುವುದಿಲ್ಲ. ಅವರ ನಿಜವಾದ ಹಾಡುಗಾರಿಕೆ ಇರುವುದು ಆಟಕ್ಕೆ, ಅಂದರೆ ರಾತ್ರಿಯಿಡೀ ನಡೆಯುವ ಯಕ್ಷಗಾನಕ್ಕೆ, ಬಂದವರು ಗಲ್ಫಿನಿಂದ ತರಿಸಿದ ಟೂ ಇನ್ ವನ್ ರೇಡಿಯೊ-ರೆಕಾರ್ಡರುಗಳನ್ನು ಮಡಿಲಲ್ಲಿಟ್ಟುಕೊಂಡು ತುಂಬಿಸಿಕೊಂಡು ಹೋದ ಕ್ಯಾಸೆಟ್ಟುಗಳಲ್ಲಿ. ಪುತ್ತೂರಿನಿಂದ ಕಾಸರಗೋಡಿನವರೆಗೆ ಹದಿನಾಲ್ಕೋ ಹದಿನೈದೋ ಮನೆಗಳಿಂದ ಇಂಥ ಸುಮಾರು 170 ಕ್ಯಾಸೆಟ್ಟುಗಳನ್ನು ಒಟ್ಟುಮಾಡಿದ್ದೇನೆ. ಒಂದೇ ರಾತ್ರಿಯ ಆಟವನ್ನು ಇಬ್ಬರು ತುಂಬಿಸಿಕೊಂಡಿದ್ದರೆ ಆ ಎರಡನ್ನೂ ಜೋಡಿಸಿ ನಡುವೆ ಕಡಿಯದ ಒಂದು ಆಟವನ್ನು ಮಾಡುತ್ತೇನೆ ಎಂದಾಗ, ಈ ಕೆಲಸ ಬಲ್ಲ ಇಬ್ಬರು ಸ್ನೇಹಿತರು ಅದು ಆಗದ ಮಾತು ಎಂದಿದ್ದರು. ಆಯಿತು. ಹೇಗಾಯಿತು ಎನ್ನುವುದಕ್ಕಿಂತ ಮೊದಲು ಎಷ್ಟು ಸಲ ಆಗಲಿಲ್ಲ ಎಂಬುದನ್ನು ಹೇಳಬೇಕು.

ಬಂದ ಕ್ಯಾಸೆಟ್ಟುಗಳಲ್ಲಿ ಅರ್ಧಕ್ಕರ್ಧ ಅಟ್ಟದಲ್ಲಿದ್ದವು. ಕರಾವಳಿಯ ಮಳೆಗಾಲ ಕಂಡವರಿಗೆ ಟೇಪಿನ ಅಂಚಿನ ಬಿಳಿ ಬೂಷ್ಟನ್ನು ವಿವರಿಸಬೇಕಾಗಿಲ್ಲ. ಕೆಲವು ಟೇಪುಗಳು ಓಡುವಾಗ ಕಿರುಗುಟ್ಟುತ್ತಿದ್ದವು. ರೀಲ್ ಟೇಪುಗಳನ್ನು ಹದವಾಗಿ ಬಿಸಿಮಾಡಿ ಅಂಟುತನ ಕಳೆಯುವ ಕ್ರಮವನ್ನು ಓದಿಕೊಂಡಿದ್ದ ನಾನು, ಮನೆಯಲ್ಲೇ ಅಡಿಕೆಯ ಡ್ರೈಯರ್ ಇರುವಾಗ ಬೇರೆ ಒಲೆ ಏಕೆಂದು, ಪುಣ್ಯಕ್ಕೆ ಭಾಗವತರದ್ದಲ್ಲದ, ಒಂದು ಸಿನಿಮಾ ಹಾಡಿನ ಕ್ಯಾಸೆಟ್ಟನ್ನು ಅದರೊಳಗಿಟ್ಟೆ. ಸಂಜೆ ತೆಗೆದಾಗ ಅದರ ಕವಚ ಹಪ್ಪಳದಂತೆ ಸೊಟ್ಟಗಾಗಿತ್ತು. ಕಿರುಗುಟ್ಟುವಿಕೆಗೆ ಕಾರಣ ಹೆಚ್ಚಿನವುಗಳಲ್ಲಿ ಟೇಪಿನ ಅಂಟು ಆಗಿರಲೇ ಇಲ್ಲ. ಒಳಗಿನ ಜಾರುಹಾಳೆ ಒಣಗಿ ಸುಕ್ಕಾಗಿತ್ತು, ಅಥವಾ ಧ್ವನಿಯನ್ನು ಓದುವ ಹೆಡ್ಡಿನ ಎದುರು ಟೇಪನ್ನು ಒತ್ತಿ ಹಿಡಿಯುವ ಪುಟ್ಟ ಪ್ಯಾಡ್ ಉದುರಿಹೋಗಿತ್ತು. ಐದು ತಿರುಪುಗಳ ಖಾಲಿ ಕ್ಯಾಸೆಟ್ಟುಗಳನ್ನು ಹಳೆಯ ಸಾಮಾನಿನ ಅಂಗಡಿಯಿಂದ ಹತ್ತಿಪ್ಪತ್ತು ರೂಪಾಯಿಗೊಂದರಂತೆ ಕೊಂಡು, ಟೇಪನ್ನು ಅವುಗಳ ಕವಚಕ್ಕೆ ವರ್ಗಾಯಿಸುವುದನ್ನು ಕಲಿತ ಮೇಲೆ ಅಡಿಕೆಯ ಡ್ರೈಯರ್ ಅಡಿಕೆಗೇ ಮೀಸಲಾಯಿತು. ಬೂಷ್ಟು ಹಿಡಿದ ಟೇಪನ್ನು ಯಾವ ಬಟ್ಟೆಯಲ್ಲಿ, ಹೇಗೆ ಒರೆಸುತ್ತೇನೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದಕ್ಕೆ ಮೂರು ಮಳೆಗಾಲ ಖರ್ಚಾಗಿದೆ. ಬೂಷ್ಟಿನವುಗಳಿಗೆ ಬೇರೆಯೇ ಕ್ಯಾಸೆಟ್ ಡೆಕ್ ಇಟ್ಟುಕೊಳ್ಳಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂಬಷ್ಟನ್ನು ಹೇಳುತ್ತೇನೆ.

ಹಣದ ಲೆಕ್ಕಕ್ಕೆ ಬಂದರೆ, ನಗರದ ಒಂದು ಸ್ಟುಡಿಯೊದವರು ಕ್ಯಾಸೆಟ್ಟಿಗೆ 600 ರೂಪಾಯಿ ಹೇಳಿದ್ದರು. ಒಟ್ಟಿಗೆ ಲಕ್ಷ ದಾಟುತ್ತಿತ್ತು. ಮಾದರಿಗೆಂದು ಕೊಟ್ಟ ಎರಡು ಕ್ಯಾಸೆಟ್ಟುಗಳನ್ನು ಅವರು ಸದ್ದು ತೆಗೆಯುವ ತಂತ್ರಾಂಶದಲ್ಲಿ ಎಷ್ಟು ಉಜ್ಜಿದ್ದರೆಂದರೆ ಟೇಪಿನ ಸುಯ್ಯೆನ್ನುವ ಸದ್ದಿನೊಂದಿಗೆ ಚಕ್ರತಾಳದ ಲೋಹದ ನಾದವೂ ಹೋಗಿ, ಭಾಗವತರು ಕಂಬಳಿ ಹೊದ್ದು ಹಾಡಿದಂತೆ ಕೇಳುತ್ತಿತ್ತು. ಆಮೇಲೆ ನಾನೇ 9,000 ರೂಪಾಯಿಗೆ ಹಳೆಯ ಡೆಕ್ ಕೊಂಡೆ. ಬೆಲ್ಟು ಮತ್ತು ರಬ್ಬರ್ ಗಾಲಿಗೆ ಇನ್ನೆರಡು ಸಾವಿರ, ಸೌಂಡ್ ಕಾರ್ಡಿಗೆ ಹನ್ನೆರಡು ಸಾವಿರದಷ್ಟು, ಮೂರು ಹಾರ್ಡ್ ಡಿಸ್ಕುಗಳಿಗೆ ಅಷ್ಟೇ. ಬೂಷ್ಟಿನ ಡೆಕ್ ಗುಜರಿಯಿಂದ ಬಂದದ್ದು. 96 ಕಿಲೊಹರ್ಟ್ಸ್, 24 ಬಿಟ್‌ನಲ್ಲಿ ಕಂಪ್ಯೂಟರಿಗೆ ಇಳಿಸಿದರೆ 45 ನಿಮಿಷದ ಒಂದು ಮಗ್ಗುಲಿಗೆ ಒಂದೂವರೆ ಜಿಬಿ ಆಗುತ್ತದೆ. ಪ್ರತಿಯೊಂದನ್ನೂ ಮೂರು ಕಡೆ ಇಟ್ಟಿರುವುದರಿಂದ ಡಿಸ್ಕಿನಲ್ಲಿ ಜಿಪುಣತನ ಮಾಡಲು ಆಗಲಿಲ್ಲ.

ತಂತ್ರಾಂಶಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಒಂದು ಸಣ್ಣ ತಿರುಪುಳಿ. ಪ್ರತಿಯೊಬ್ಬರ ರೆಕಾರ್ಡರಿನ ಹೆಡ್ಡೂ ಒಂದೊಂದು ಓರೆಯಲ್ಲಿತ್ತು, ಆದ್ದರಿಂದ ನನ್ನ ಡೆಕ್ಕಿನ ಹೆಡ್ಡನ್ನು ಪ್ರತಿ ಕ್ಯಾಸೆಟ್ಟಿಗೂ, ಕೆಲವೊಮ್ಮೆ ಪ್ರತಿ ಮಗ್ಗುಲಿಗೂ, ಹೊಸದಾಗಿ ಓರೆ ಮಾಡಬೇಕಾಯಿತು. ಎಡಬಲಗಳನ್ನು ಕೂಡಿಸಿ ಮೊನೊದಲ್ಲಿ ಕೇಳುತ್ತಾ, ಕೂದಲೆಳೆಯಷ್ಟು ತಿರುಗಿಸುತ್ತಾ ಹೋದರೆ ಒಂದು ಬಿಂದುವಿನಲ್ಲಿ ಅಲ್ಲಿಯವರೆಗೆ ತಗಡಿನಂತಿದ್ದ ಚಕ್ರತಾಳ ಟಿಣ್ಣೆಂದು ತೆರೆದುಕೊಳ್ಳುತ್ತದೆ. ಆಗ ಕೈ ತೆಗೆಯಬೇಕು. ಅಳತೆಯ ಉಪಕರಣ ಬೇಕೇಬೇಕೆನ್ನುವವರು ಇದ್ದಾರೆ. ಯಕ್ಷಗಾನದ ಹಾಡು-ವಾದ್ಯಗಳ ಹಿಮ್ಮೇಳ ಕೇಳಿ ಬೆಳೆದವನಿಗೆ ಚಕ್ರತಾಳವೇ ಸಾಕು.

ಇನ್ನು ಜೋಡಣೆಯ ವಿಷಯ. 90 ನಿಮಿಷದ ಕ್ಯಾಸೆಟ್ಟಾದರೆ ಮುಕ್ಕಾಲು ಗಂಟೆಗೊಮ್ಮೆ ಮಗುಚಬೇಕು. ಕತ್ತಲಲ್ಲಿ, ನಿದ್ದೆಗಣ್ಣಿನಲ್ಲಿ ಅದಕ್ಕೆ ಅರ್ಧ ನಿಮಿಷ ಹೋಗುತ್ತದೆ, ಕೆಲವರಿಗೆ ಹತ್ತು ನಿಮಿಷವೂ ಹೋಗಿದೆ. ಕರ್ಣಪರ್ವದ ಒಂದು ಆಟವನ್ನು ಒಬ್ಬ ಅಧ್ಯಾಪಕರೂ ಒಬ್ಬ ಬಸ್ ಚಾಲಕರೂ ಬೇರೆ ಬೇರೆಯಾಗಿ ತುಂಬಿಸಿದ್ದರು. ಒಬ್ಬರಲ್ಲಿ ಕಡಿದದ್ದು ಇನ್ನೊಬ್ಬರಲ್ಲಿ ಇತ್ತು. ಆದರೆ ಎರಡರ ವೇಗ ಶೇಕಡಾ ಎರಡರಷ್ಟು ಬೇರೆಯಾಗಿದ್ದು, ಒಂದು ಮಗ್ಗುಲು ಮುಗಿಯುವಷ್ಟರಲ್ಲಿ ಒಂದಕ್ಕಿಂತ ಇನ್ನೊಂದು ಹೆಚ್ಚುಕಡಿಮೆ ಒಂದು ನಿಮಿಷ ಮುಂದೆ ಹೋಗುತ್ತಿತ್ತು. ವಿದ್ಯುತ್ತಿನ ಆವರ್ತನದಿಂದ ಹುಟ್ಟುವ ಮೈಕಿನ ಗುಂಯ್‌ಗುಟ್ಟುವಿಕೆ ಎರಡರಲ್ಲೂ ಇದ್ದುದರಿಂದ ಅದನ್ನು ನಮ್ಮ ವಿದ್ಯುತ್ತಿನ 50 ಹರ್ಟ್ಸ್‌ಗೆ ತಂದರೆ ವೇಗ ಸರಿಯಾಗುತ್ತದೆಂದು ಎರಡು ತಿಂಗಳು ಕೆಲಸ ಮಾಡಿದೆ. ಎರಡೂ ಕ್ಯಾಸೆಟ್ಟುಗಳು ಒಂದಕ್ಕೊಂದು ಸರಿಹೊಂದಿದವು, ಆದರೆ ಭಾಗವತರ ಶ್ರುತಿ ಅವರದ್ದಲ್ಲದ ಎತ್ತರಕ್ಕೆ ಹೋಯಿತು. ಆ ಕಾಲದಲ್ಲಿ ದಕ್ಷಿಣದ ವಿದ್ಯುಜ್ಜಾಲದ ಆವರ್ತನ ಭಾರ ಹೆಚ್ಚಾದಾಗ 48ರ ಆಸುಪಾಸಿಗೆ ಇಳಿಯುತ್ತಿದ್ದುದನ್ನು ನಾನು ಮರೆತಿದ್ದೆ. ಅದನ್ನು 50 ಎಂದು ಎಣಿಸಿದರೆ ಶ್ರುತಿ ಅರ್ಧ ಸ್ವರದ ಹತ್ತಿರ ಏರುತ್ತದೆ.

ಪರಿಹಾರ ಸಿಕ್ಕಿದ್ದು ಭಾಗವತರ ಮನೆಯಲ್ಲಿ. ಅವರ ಪತ್ನಿ ಹಾಸಿಗೆಗಳ ಗೂಡಿನಿಂದ ಹಳೆಯ ಶ್ರುತಿಪೆಟ್ಟಿಗೆಯನ್ನು ತೆಗೆದುಕೊಟ್ಟು, "ಇದರ ತಿದಿ ಹರಿದಿದೆ ಮಗಾ, ಸ್ವರ ಹರಿದಿಲ್ಲ" ಎಂದರು. ತಿದಿಗೆ ತೇಪೆ ಹಾಕಿ, ಭಾಗವತರು ಯಾವಾಗಲೂ ಹಿಡಿಯುತ್ತಿದ್ದ ಸ್ವರವನ್ನು ಅಳೆದು, ಎರಡೂ ಕ್ಯಾಸೆಟ್ಟುಗಳನ್ನು ಅದಕ್ಕೆ ತಂದೆ. ಅಳತೆ ತೆಗೆಯಬೇಕಾದದ್ದು ಮಾತುಗಾರಿಕೆಯ ನಡುವೆ ಶ್ರುತಿಯೊಂದೇ ಉಳಿಯುವ ಕ್ಷಣಗಳಲ್ಲಿ. ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ವೇಗವನ್ನೂ ಶ್ರುತಿಯನ್ನೂ ಒಟ್ಟಿಗೆ ಬದಲಿಸುವ ಆಯ್ಕೆಯನ್ನೇ ಬಳಸಬೇಕು. ವೇಗವನ್ನು ಮಾತ್ರ ಬದಲಿಸಿದರೆ ಕೆಲಸ ಕೆಟ್ಟಂತೆಯೇ. ಆಮೇಲೆ ಎರಡೆರಡು ನಿಮಿಷಕ್ಕೊಮ್ಮೆ ಚೆಂಡೆಯ ಒಂದು ಪೆಟ್ಟನ್ನು ಗುರುತಾಗಿಟ್ಟುಕೊಂಡು ಉಳಿದ ಓಲಾಟವನ್ನು ಸರಿಪಡಿಸಿದೆ. ಒಂದು ಮಗ್ಗುಲಿಗೆ ಮೂರು ಸಂಜೆ ಬೇಕಾಯಿತು.

ಇದರಿಂದ ಒಂದು ಪ್ರತೀತಿಯೂ ಸಡಿಲವಾಯಿತು. ಬೆಳಗಿನ ಜಾವಕ್ಕೆ ನಮ್ಮ ಭಾಗವತರು ಶ್ರುತಿ ಏರಿಸಿ ಹಾಡುತ್ತಿದ್ದರೆಂದು ಕ್ಯಾಸೆಟ್ಟು ಕೇಳಿದವರು ಹೇಳುವುದುಂಟು. ಅಧ್ಯಾಪಕರ ಕ್ಯಾಸೆಟ್ಟಿನಲ್ಲಿ ಶ್ರುತಿ ಏರುತ್ತಿತ್ತು, ಚಾಲಕರದ್ದರಲ್ಲಿ ಏರುತ್ತಿರಲಿಲ್ಲ. ಅಧ್ಯಾಪಕರದ್ದು ಬ್ಯಾಟರಿಯ ರೆಕಾರ್ಡರ್. ಬೆಳಗಾಗುತ್ತಾ ಬ್ಯಾಟರಿ ಇಳಿದು ಟೇಪು ನಿಧಾನವಾಗಿ ಓಡಿದೆ, ಈಗ ಸರಿಯಾದ ವೇಗದಲ್ಲಿ ಕೇಳಿದಾಗ ಶ್ರುತಿಯೂ ಹಾಡಿನ ವೇಗವೂ ಏರಿದಂತೆ ಕೇಳುತ್ತದೆ. ಇದನ್ನು ಭಾಗವತರ ಅಭಿಮಾನಿಯೊಬ್ಬರಿಗೆ ಹೇಳಿದ್ದಕ್ಕೆ ಅವರು ಒಂದು ತಿಂಗಳು ನನ್ನೊಂದಿಗೆ ಮಾತು ಬಿಟ್ಟಿದ್ದರು.

ಎರಡನ್ನೂ ಒಟ್ಟಿಗೆ ಕೇಳಿಸಿ ಸ್ಟೀರಿಯೊ ಮಾಡುವ ಹುಚ್ಚೂ ಬಂದಿತ್ತು. ಚಾಲಕರು ರಂಗಸ್ಥಳದ ಬುಡದಲ್ಲಿ, ಅಧ್ಯಾಪಕರು ಮೂವತ್ತು ಮೀಟರಿನಷ್ಟು ಹಿಂದೆ ಕುಳಿತಿದ್ದರು. ಎಡಗಡೆ ಒಬ್ಬರು, ಬಲಗಡೆ ಒಬ್ಬರು ಎಂದು ಕೂಡಿಸಿದರೆ ಸದ್ದು ಬಾವಿಯೊಳಗಿನಿಂದ ಬಂದಂತಾಯಿತು. ಆದ್ದರಿಂದ ಬೆರೆಸುವುದಿಲ್ಲ, ಕಡಿದಲ್ಲಿ ಮಾತ್ರ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತೇನೆ, ಅದೂ ಚೆಂಡೆಯ ಪೆಟ್ಟಿನ ಮರೆಯಲ್ಲಿ. ಚೆಂಡೆ ಬಿದ್ದೊಡನೆ ರೆಕಾರ್ಡರ್ ತಾನೇ ಧ್ವನಿಮಟ್ಟವನ್ನು ತಗ್ಗಿಸಿ ಭಾಗವತರ ಕಂಠವನ್ನು ಕುಗ್ಗಿಸುವ ತೊಂದರೆಯನ್ನು ನೀವೂ ಕಂಡಿರುತ್ತೀರಿ. ಅದನ್ನು ಎತ್ತುವ ದಾರಿಯನ್ನು ಕಂಡುಕೊಂಡಿದ್ದೇನೆ, ಆದರೆ ಸದ್ಯಕ್ಕೆ ಅದು ನನ್ನಲ್ಲೇ ಇರಲಿ. ತಿದ್ದದ ಮೂಲಪ್ರತಿಯನ್ನು ಹಾಗೆಯೇ ಇಟ್ಟಿರುವುದರಿಂದ ನಾಳೆ ನನಗಿಂತ ಬಲ್ಲವರು ಬಂದರೂ ನಷ್ಟವಿಲ್ಲ.

170ರಲ್ಲಿ ಈಗ 130ರಷ್ಟು ಕೇಳುವಂತಾಗಿವೆ. ಜೋಡಿಸಿ ಪೂರ್ತಿ ಮಾಡಿದ ಆಟಗಳು ನಾಲ್ಕು. ಕರ್ಣಪರ್ವದಲ್ಲಿ ಮಾತ್ರ ಒಂದು ಕಡೆ 22 ಸೆಕೆಂಡು ಇಲ್ಲ. ಅಧ್ಯಾಪಕರೂ ಚಾಲಕರೂ ಒಂದೇ ಅಂಗಡಿಯಿಂದ ಒಂದೇ ಬಗೆಯ ಕ್ಯಾಸೆಟ್ಟು ಕೊಂಡು, ಒಂದು ಪದದ ಆರಂಭಕ್ಕೆ ಸರಿಯಾಗಿ ಇಬ್ಬರೂ ಹೊಸದನ್ನು ಹಾಕಿದ್ದರಿಂದ, ಮಗುಚುವ ಹೊತ್ತೂ ಒಂದೇ ಆಗಿಬಿಟ್ಟಿದೆ. ಬೇರೊಂದು ರಾತ್ರಿಯ ಅದೇ ಪದವನ್ನು ತಂದು ತುಂಬಿಸು ಎಂದವರಿದ್ದಾರೆ. ನಾನು ಅಲ್ಲಿ ಖಾಲಿ ಬಿಟ್ಟಿದ್ದೇನೆ. ಆ ರಾತ್ರಿ ವೇಷ ಕಟ್ಟುವ ಚೌಕಿಯ ಬಳಿ ಕುಳಿತು ತುಂಬಿಸಿದ ಇನ್ನೊಬ್ಬರಿದ್ದಾರೆಂದು, ಮೇಳಗಳ ತಿರುಗಾಟ ಮುಗಿಯುವ ಕಳೆದ ಪತ್ತನಾಜೆಯ ಹೊತ್ತಿಗೆ ತಿಳಿಯಿತು. ಮಳೆ ಬಿಟ್ಟ ಮೇಲೆ ಅಟ್ಟ ಹತ್ತಿ ನೋಡುತ್ತೇನೆ ಎಂದಿದ್ದಾರೆ.